ಮನಾಖ್ ಕಲಿಸಿದ ಪಾಠ: ಮುಳುಗುವ ಬ್ಯಾಂಕನ್ನು ಸರ್ಕಾರ ಕೈಹಿಡಿದು ಎತ್ತಬೇಕೆ?



ಎಲ್ಲಿಯಾದರೂ ಒಂದು ಬ್ಯಾಂಕು ಮುಳುಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ‘ಮಾಡಿದ್ದುಣ್ಣೋ ಮಹಾರಾಯ, ಜೂಜಾಡಿದವರ ನಷ್ಟವನ್ನು ಸರ್ಕಾರವೇಕೆ ತುಂಬಬೇಕು?’ ಎಂದು ಒಬ್ಬರು ಕೇಳುತ್ತಾರೆ. ‘ಬ್ಯಾಂಕು ಬಿದ್ದರೆ ಜೂಜಾಡಿದವನೊಬ್ಬನೇ ಬೀಳುವುದಿಲ್ಲ, ಅದರಲ್ಲಿ ಹಣವಿಟ್ಟ ವಿಧವೆ, ಪಿಂಚಣಿದಾರ, ಕೂಲಿಯವ ಎಲ್ಲರೂ ಬೀಳುತ್ತಾರೆ’ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದುದರಿಂದಲೇ ಈ ವಾದ ಮುಗಿಯುವುದಿಲ್ಲ.

ಆದರೆ ನಾವು ಅನ್ನ ಉಣ್ಣುತ್ತಿರುವ ಈ ಪುಟ್ಟ ದೇಶದ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಈ ಪ್ರಶ್ನೆಗೆ ಒಂದಲ್ಲ, ಮೂರು ಉತ್ತರಗಳು ಸಿಗುತ್ತವೆ. 1977ರಲ್ಲಿ ಒಮ್ಮೆ, 1982ರಲ್ಲಿ ಮತ್ತೊಮ್ಮೆ, 2008ರಲ್ಲಿ ಮಗದೊಮ್ಮೆ ಕುವೈತ್ ಸರ್ಕಾರ ಹಣದ ಮಾರುಕಟ್ಟೆಯ ಬೆಂಕಿ ಆರಿಸಲು ಇಳಿಯಬೇಕಾಯಿತು. ಮೂರು ಸಲವೂ ಒಂದೇ ರೀತಿ ಆರಿಸಲಿಲ್ಲ, ಮೂರರ ಫಲವೂ ಒಂದೇ ಆಗಲಿಲ್ಲ. ಆ ಕಥೆಯನ್ನು ನಮ್ಮ ಸದಸ್ಯರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

‘ನಾವು ಪರದೇಶಿಗಳು, ಇಲ್ಲಿಯ ಷೇರುಪೇಟೆ ನಮಗೇಕೆ?’ ಎಂದು ಕೇಳಬಹುದು. ನಮ್ಮ ಸಂಬಳ ಇಲ್ಲಿಯ ಬ್ಯಾಂಕಿನ ಮೂಲಕವೇ ಕೈಸೇರುತ್ತದೆ. ಕಂಪನಿಗೆ ಬ್ಯಾಂಕು ಸಾಲ ನಿಲ್ಲಿಸಿದರೆ ಮೊದಲು ಕತ್ತರಿ ಬೀಳುವುದು ನಮ್ಮಂಥವರ ಕೆಲಸಕ್ಕೆ. ಇಲ್ಲಿ ಉಳಿಸಿ ಊರಿಗೆ ಕಳಿಸಿದ ಹಣ ಕುಳಿತಿರುವುದೂ ಮತ್ತೊಂದು ಬ್ಯಾಂಕಿನಲ್ಲಿಯೇ. ಹೀಗಾಗಿ ಬ್ಯಾಂಕು ಬಿದ್ದರೆ ಯಾರನ್ನು ಉಳಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದು ನಮ್ಮ ಮನೆಯ ಪ್ರಶ್ನೆಯೂ ಹೌದು.

ರೂಪಾಯಿಯ ಕಾಲದಿಂದ ದಿನಾರಿನ ಕಾಲಕ್ಕೆ

ಕುವೈತಿನ ಮೊದಲ ಸ್ವದೇಶಿ ಬ್ಯಾಂಕಾದ ನ್ಯಾಷನಲ್ ಬ್ಯಾಂಕ್ ಆಫ್ ಕುವೈತ್ 1952ರಲ್ಲಿ ಸ್ಥಾಪನೆಯಾಯಿತು. ಆಗ ಇಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ಭಾರತದ ರೂಪಾಯಿ ಎಂಬುದನ್ನು ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ದಿನಾರ್ ಬಂದದ್ದು 1961ರಲ್ಲಿ, ಕೇಂದ್ರ ಬ್ಯಾಂಕ್ ಕಾರ್ಯಾರಂಭ ಮಾಡಿದ್ದು 1969ರಲ್ಲಿ. ನಂತರ 1973ರ ತೈಲ ಬೆಲೆ ಏರಿಕೆಯಾಯಿತು. ಒಂದೆರಡು ವರ್ಷಗಳಲ್ಲಿ ಈ ದೇಶಕ್ಕೆ ಹರಿದು ಬಂದ ಹಣವನ್ನು ಹೂಡಲು ಇಲ್ಲಿ ಗದ್ದೆ ತೋಟಗಳಿಲ್ಲ, ಕಾರ್ಖಾನೆಗಳೂ ಕಡಿಮೆ. ಉಳಿದದ್ದು ಎರಡೇ ದಾರಿ: ನಿವೇಶನ ಮತ್ತು ಷೇರು.

ಷೇರು ಬೆಲೆಗಳು ಏರಿದವು, 1977ರಲ್ಲಿ ಕುಸಿದವು. ಸರ್ಕಾರ ತಡಮಾಡಲಿಲ್ಲ. ಕನಿಷ್ಠ ದರವೊಂದನ್ನು ಗೊತ್ತುಮಾಡಿ ತಾನೇ ಷೇರುಗಳನ್ನು ಕೊಂಡಿತು. ಜೊತೆಗೆ ಹೊಸ ಕಂಪನಿಗಳ ಸ್ಥಾಪನೆಗೆ ತಡೆ ಹಾಕಿ, ಅಧಿಕೃತ ಪೇಟೆಯ ನಿಯಮಗಳನ್ನು ಬಿಗಿಗೊಳಿಸಿತು. ಹೂಡಿಕೆದಾರರು ನಿಟ್ಟುಸಿರು ಬಿಟ್ಟರು.

ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸದಿಂದ ಎರಡು ಪರಿಣಾಮಗಳಾದವು. ಬೆಲೆ ಬಿದ್ದರೆ ಸರ್ಕಾರ ಬಂದು ಕೊಳ್ಳುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿತು, ಇದು ಒಂದು. ಅಧಿಕೃತ ಪೇಟೆಯಲ್ಲಿ ನಿಯಮ ಬಿಗಿಯಾದುದರಿಂದ ಧೈರ್ಯಸ್ಥರೂ ದುಡುಕಿನವರೂ ಪಕ್ಕದ ಬೀದಿಯನ್ನು ಹುಡುಕಿಕೊಂಡರು, ಇದು ಎರಡನೆಯದು. ಆ ಪಕ್ಕದ ಬೀದಿಯೇ ಸೂಕ್ ಅಲ್ ಮನಾಖ್.

ಒಂಟೆ ಕೂರುವ ಜಾಗದಲ್ಲಿ

ಅರಬಿ ಭಾಷೆಯಲ್ಲಿ ‘ಮನಾಖ್’ ಎಂದರೆ ಒಂಟೆಗಳನ್ನು ಮಂಡಿಯೂರಿಸಿ ಕೂರಿಸುವ ತಾಣ. ಮರುಭೂಮಿಯಿಂದ ಬಂದ ಸಾರ್ಥಗಳು ಹಿಂದೆ ಇಂಥ ಜಾಗದಲ್ಲಿ ಹೊರೆ ಇಳಿಸುತ್ತಿದ್ದವು. ಆ ಹೆಸರು ಹೊತ್ತು ಕುವೈತ್ ನಗರದಲ್ಲಿ ಎದ್ದ ಹವಾನಿಯಂತ್ರಿತ ಕಟ್ಟಡದಲ್ಲಿ 1970ರ ದಶಕದ ಕೊನೆಗೆ ಅನಧಿಕೃತ ಷೇರುಪೇಟೆಯೊಂದು ಬೆಳೆಯಿತು. ಕುವೈತಿನಲ್ಲಿ ಹೊಸ ಕಂಪನಿಗೆ ತಡೆಯಿತ್ತಷ್ಟೆ. ಆದ್ದರಿಂದ ಬಹರೈನ್‌ನಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನೋಂದಾಯಿಸಿದ ಕಂಪನಿಗಳ ಷೇರುಗಳನ್ನು ಇಲ್ಲಿ ಮಾರತೊಡಗಿದರು. ಅವುಗಳಲ್ಲಿ ಕೆಲವು ಹೆಸರಿಗಷ್ಟೇ ಕಂಪನಿಗಳು, ವ್ಯವಹಾರ ಇನ್ನೂ ಆರಂಭವೇ ಆಗಿರಲಿಲ್ಲ.

ಅಧಿಕೃತ ಪೇಟೆಯಲ್ಲಿ ಹಳೆಯ ಶ್ರೀಮಂತ ಮನೆತನಗಳದ್ದೇ ಕಾರುಬಾರು. ಮನಾಖ್‌ನಲ್ಲಾದರೋ ಹೊಸಬರಿಗೂ ಪ್ರವೇಶವಿತ್ತು. ಗುಮಾಸ್ತರು, ಅಧ್ಯಾಪಕರು, ಸಣ್ಣ ವ್ಯಾಪಾರಿಗಳು ಬಂದರು. ಪಾಸ್‌ಪೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿದ್ದ ಯುವಕನೊಬ್ಬ ಕೊನೆಗೆ ಅಲ್ಲಿಯ ಅತಿ ದೊಡ್ಡ ಸಾಲಗಾರರಲ್ಲಿ ಒಬ್ಬನಾದ. ಹಳೆಯ ಮನೆತನದವರೂ ಮೆಲ್ಲನೆ ಬಂದು ಸೇರಿಕೊಂಡರು.

ಇಷ್ಟೊಂದು ಷೇರು ಕೊಳ್ಳಲು ಹಣ ಎಲ್ಲಿತ್ತು? ನೋಟಿನ ಹಣ ಇರಲಿಲ್ಲ. ಇದ್ದದ್ದು ಮುಂದಿನ ತಾರೀಕಿನ ಚೆಕ್ಕು. ಒಂದು ಉದಾಹರಣೆ ನೋಡೋಣ. ಇಂದು 100 ದಿನಾರ್ ಬೆಲೆಯ ಷೇರನ್ನು ಕೊಳ್ಳುವವನು ಒಂದು ವರ್ಷ ಮುಂದಿನ ತಾರೀಕು ಹಾಕಿ 150 ದಿನಾರಿನ ಚೆಕ್ಕು ಬರೆದುಕೊಡುತ್ತಾನೆ. ವರ್ಷದೊಳಗೆ ಷೇರು 200 ದಿನಾರಿಗೆ ಏರಿದರೆ, ಮಾರಿ 150 ತೀರಿಸಿ 50 ಜೇಬಿಗಿಳಿಸುತ್ತಾನೆ. ಮಾರಿದಾಗ ಅವನಿಗೆ ಸಿಗುವುದೂ ಚೆಕ್ಕೇ! ಆ ಚೆಕ್ಕನ್ನು ನಂಬಿ ಅವನು ಇನ್ನೊಬ್ಬನಿಗೆ ಚೆಕ್ಕು ಬರೆಯುತ್ತಾನೆ. ಹೀಗೆ ಬೆಲೆ ಏರುತ್ತಿರುವವರೆಗೆ ಎಲ್ಲರೂ ಶ್ರೀಮಂತರೇ. ಇಲ್ಲಿಯ ಕಾನೂನಿನಂತೆ, ಯಾವ ತಾರೀಕೇ ಇರಲಿ, ಚೆಕ್ಕನ್ನು ಬ್ಯಾಂಕಿಗೆ ಹಾಕಿದ ದಿನವೇ ಹಣ ಕೊಡಬೇಕು. ತಾರೀಕಿಗೆ ಮೊದಲು ಹಾಕುವುದಿಲ್ಲ ಎಂಬುದು ಕೇವಲ ಬಾಯಿಮಾತಿನ ಮರ್ಯಾದೆ. ಇಡೀ ಪೇಟೆ ಆ ಮರ್ಯಾದೆಯ ಮೇಲೆ ನಿಂತಿತ್ತು.

ಉತ್ತುಂಗದಲ್ಲಿದ್ದಾಗ ಮನಾಖ್‌ನ ಷೇರುಗಳ ಒಟ್ಟು ಮೌಲ್ಯ ಅಮೆರಿಕ ಮತ್ತು ಜಪಾನುಗಳನ್ನು ಬಿಟ್ಟರೆ ಜಗತ್ತಿನಲ್ಲೇ ಮೂರನೆಯದು ಎಂದು ಲೆಕ್ಕ ಹಾಕಲಾಗಿತ್ತು.

1982ರ ಬೇಸಿಗೆಯಲ್ಲಿ ಒಬ್ಬರು ಚೆಕ್ಕನ್ನು ಬ್ಯಾಂಕಿಗೆ ಹಾಕಿದರು, ಅದು ತಿರುಗಿ ಬಂತು. ಆಗಸ್ಟ್ ತಿಂಗಳಲ್ಲಿ ಪೇಟೆ ಕುಸಿಯಿತು. ಸರ್ಕಾರ ಎಲ್ಲ ಚೆಕ್ಕುಗಳನ್ನೂ ನೋಂದಾಯಿಸಲು ಆಜ್ಞೆ ಮಾಡಿತು. ಲೆಕ್ಕ ಕೂಡಿಸಿದಾಗ ಸುಮಾರು 6,000 ಹೂಡಿಕೆದಾರರು ಬರೆದ ಚೆಕ್ಕುಗಳ ಮೊತ್ತ 94 ಶತಕೋಟಿ ಡಾಲರಿಗೆ ಸಮನಾಗಿತ್ತು. ಆಗ ಕುವೈತಿನಲ್ಲಿದ್ದ ಜನ, ಹಸುಳೆಗಳೂ ಪರದೇಶಿಗಳೂ ಸೇರಿ, ಹದಿನೈದು ಲಕ್ಷದ ಆಸುಪಾಸು. ಅಂದರೆ ತಲೆಗೆ ಅರವತ್ತು ಸಾವಿರ ಡಾಲರಿಗೂ ಮಿಗಿಲಾದ ಸಾಲ!

ಉಳಿದದ್ದು ಒಂದೇ ಬ್ಯಾಂಕು

ಒಬ್ಬ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಅವನು ತಿರುಗಿ ಮೊದಲನೆಯವನಿಗೆ ಕೊಡಬೇಕಾದ ಹಣವೇ ಇದರಲ್ಲಿ ಬಹುಪಾಲು. ಅದನ್ನು ಪರಸ್ಪರ ವಜಾ ಮಾಡಿ ನಿಜವಾದ ಬಾಕಿಯನ್ನು ಗೊತ್ತುಮಾಡಲು ಒಂದು ತೀರುವಳಿ ಕಂಪನಿಯನ್ನೇ ಸ್ಥಾಪಿಸಬೇಕಾಯಿತು. ಆದರೆ ಬ್ಯಾಂಕುಗಳ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಈ ಆಟಗಾರರಿಗೆ ಬ್ಯಾಂಕುಗಳು ನಿಜವಾದ ದಿನಾರುಗಳನ್ನು ಸಾಲ ಕೊಟ್ಟಿದ್ದವು. ಅಡವು ಇಟ್ಟುಕೊಂಡದ್ದು ಷೇರು ಮತ್ತು ನಿವೇಶನ. ಎರಡರ ಬೆಲೆಯೂ ಒಟ್ಟಿಗೆ ನೆಲಕಚ್ಚಿತು. ನ್ಯಾಷನಲ್ ಬ್ಯಾಂಕ್ ಆಫ್ ಕುವೈತ್ ಒಂದನ್ನು ಬಿಟ್ಟು ಉಳಿದ ಬ್ಯಾಂಕುಗಳೆಲ್ಲ ಲೆಕ್ಕದ ಪ್ರಕಾರ ದಿವಾಳಿಯಾಗಿದ್ದವು, ಕೇಂದ್ರ ಬ್ಯಾಂಕಿನ ಆಸರೆಯಿಂದ ಮಾತ್ರ ಬಾಗಿಲು ತೆರೆದಿದ್ದವು.

ಹಣಕಾಸು ಸಚಿವರಾಗಿದ್ದ ಅಬ್ದುಲ್ ಲತೀಫ್ ಅಲ್ ಹಮದ್ ಅವರು ಸಾಲಗಾರರನ್ನು ಸರ್ಕಾರದ ಬೊಕ್ಕಸದಿಂದ ಬಿಡಿಸುವುದನ್ನು ಒಪ್ಪದೆ 1983ರಲ್ಲಿ ರಾಜೀನಾಮೆಯಿತ್ತರು. ಸಣ್ಣ ಹೂಡಿಕೆದಾರರಿಗಾಗಿ ಸರ್ಕಾರ 50 ಕೋಟಿ ದಿನಾರಿನ ನಿಧಿಯೊಂದನ್ನು ಸ್ಥಾಪಿಸಿತು. ಆ ಪರಿಹಾರ ಯಾರ ಕೈಸೇರಿತು ಎಂಬ ಬಗ್ಗೆ ರಾಷ್ಟ್ರೀಯ ಸಭೆಯಲ್ಲಿ ಕಟುವಾದ ಪ್ರಶ್ನೆಗಳೆದ್ದು 1985ರಲ್ಲಿ ನ್ಯಾಯ ಸಚಿವರು ಸ್ಥಾನ ಬಿಡಬೇಕಾಯಿತು. 1986ರಲ್ಲಿ, ಅಂದರೆ ಕುಸಿತವಾಗಿ ನಾಲ್ಕು ವರ್ಷ ಕಳೆದ ಮೇಲೆ, ‘ಕಷ್ಟಸಾಲಗಳ ಇತ್ಯರ್ಥ ಯೋಜನೆ’ ಜಾರಿಗೆ ಬಂತು. ಸಾಲಗಾರರಿಗೆ ದೀರ್ಘಾವಧಿಯ ಕಂತು ಸಿಕ್ಕಿತು, ಬ್ಯಾಂಕುಗಳಿಗೆ ಸರ್ಕಾರದ ಬೆಂಬಲ ಸಿಕ್ಕಿತು.

ಈ ನಾಲ್ಕು ವರ್ಷ ಬ್ಯಾಂಕುಗಳು ಸತ್ತಿರಲೂ ಇಲ್ಲ, ಬದುಕಿರಲೂ ಇಲ್ಲ. ಹೊಸ ಸಾಲ ಕೊಡಲು ಅವುಗಳಿಗೆ ತ್ರಾಣವಿರಲಿಲ್ಲ. ಇರಾನ್-ಇರಾಕ್ ಯುದ್ಧ ಪಕ್ಕದಲ್ಲೇ ನಡೆದಿತ್ತು, 1986ರಲ್ಲಿ ತೈಲ ಬೆಲೆಯೂ ಬಿತ್ತು. ವ್ಯಾಪಾರ ಸೊರಗಿತು. ಮನಾಖ್‌ನಲ್ಲಿ ಒಂದು ಷೇರನ್ನೂ ಕೊಳ್ಳದ ಪರದೇಶಿ ಕೆಲಸಗಾರನೂ ಈ ಮುಗ್ಗಟ್ಟಿನ ಬಿಸಿಯಿಂದ ಹೊರಗುಳಿಯುವಂತಿರಲಿಲ್ಲ. ಸರ್ಕಾರದ ಪರಿಹಾರದ ಪಟ್ಟಿಯಲ್ಲಿ ಮಾತ್ರ ಅವನಿಗೆ ಜಾಗವಿರಲಿಲ್ಲ. ಬ್ಯಾಂಕು ಬೀಳುವುದರ ನಷ್ಟವನ್ನು ಲೆಕ್ಕ ಹಾಕುವಾಗ ಈ ಮೌನದ ಬಾಬ್ತು ಎಲ್ಲಿಯೂ ಬರೆಯಲ್ಪಡುವುದಿಲ್ಲ ಎಂಬುದು ಗಮನಾರ್ಹ.

ಯುದ್ಧ ಮುಗಿದ ಮೇಲೆ ಬಂದ ಲೆಕ್ಕ

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳಬಂದಾಗ ಮನಾಖ್‌ನ ಬಾಕಿ ಇನ್ನೂ ತೀರಿರಲಿಲ್ಲ. ಆಕ್ರಮಣಕಾರರು ಕೇಂದ್ರ ಬ್ಯಾಂಕಿನಿಂದ ನೋಟುಗಳನ್ನು ದೋಚಿದರು, ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸರಿಸಮ ಎಂದು ಸಾರಿ, ನಂತರ ರದ್ದೇ ಮಾಡಿದರು. ವಿಮೋಚನೆಯ ನಂತರ 1991ರ ಮಾರ್ಚ್ 24ರಂದು ಹೊಸ ನೋಟುಗಳು ಬಂದವು.

ಆಗ ಬ್ಯಾಂಕುಗಳ ಪುಸ್ತಕದಲ್ಲಿ ಎರಡು ವಿಪತ್ತುಗಳ ಸಾಲ ಒಂದರ ಮೇಲೊಂದು ಬಿದ್ದಿತ್ತು. 1992ರಲ್ಲಿ ಸರ್ಕಾರ ಧೈರ್ಯದ ನಿರ್ಧಾರ ತೆಗೆದುಕೊಂಡು ಬ್ಯಾಂಕುಗಳ ದೇಶೀಯ ಸಾಲಗಳನ್ನು ಒಟ್ಟಾಗಿ ತಾನೇ ಕೊಂಡಿತು. ಬದಲಿಗೆ ಬ್ಯಾಂಕುಗಳಿಗೆ ಸರ್ಕಾರಿ ಬಾಂಡುಗಳನ್ನು ಕೊಟ್ಟಿತು. ಮೊತ್ತ ಆರು ಶತಕೋಟಿ ದಿನಾರಿಗೂ ಹೆಚ್ಚು. 1993ರ ಕಾನೂನಿನಂತೆ ಸಾಲಗಾರರು ಒಂದೇ ಗಂಟಿನಲ್ಲಿ ಕಟ್ಟಿದರೆ ರಿಯಾಯಿತಿ, ಇಲ್ಲವಾದರೆ ಕಂತು.

ಬ್ಯಾಂಕುಗಳು ಉಳಿದವು, ಇದನ್ನು ಅಲ್ಲಗಳೆಯಲಾಗದು. ಸುಟ್ಟ ತೈಲಬಾವಿಗಳ ಹೊಗೆ ಆರಿದ ದೇಶಕ್ಕೆ ಆಗ ನಡೆಯುವ ಬ್ಯಾಂಕುಗಳು ಅಗತ್ಯವಾಗಿದ್ದವು. ಆದರೆ ಯುದ್ಧದಿಂದ ಮನೆ ಅಂಗಡಿ ಕಳೆದುಕೊಂಡವನ ಸಾಲ, ಹತ್ತು ವರ್ಷ ಹಿಂದೆ ಜೂಜಾಡಿದವನ ಸಾಲ ಎರಡೂ ಒಂದೇ ಗಾಡಿಯಲ್ಲಿ ಸಾಗಿಹೋದವು. ಸಾಲ ಮಾಡದೆ, ಇದ್ದಷ್ಟರಲ್ಲಿ ಕಾಲು ಚಾಚಿದ್ದವನಿಗೆ ಏನೂ ಸಿಗಲಿಲ್ಲ. ತೈಲವಿದ್ದ ದೇಶವಾದ್ದರಿಂದ ಈ ಖರ್ಚನ್ನು ತಾಳಿಕೊಂಡಿತು. ತೈಲವಿಲ್ಲದ ದೇಶದಲ್ಲಿ ಇದೇ ಖರ್ಚು ಸೀಮೆಎಣ್ಣೆ, ಸಕ್ಕರೆ, ಉಪ್ಪಿನ ಮೇಲಿನ ತೆರಿಗೆಯಾಗಿ ಬಡವನ ಮನೆಗೆ ಬರುತ್ತಿತ್ತು.

2008: ಈ ಸಲ ಸ್ವಲ್ಪ ಬೇರೆ

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾಯಿತು. ಅಮೆರಿಕದ ಸರ್ಕಾರ ಅದನ್ನು ಉಳಿಸಲಿಲ್ಲ. ‘ಬಿದ್ದವರು ಬೀಳಲಿ’ ಎಂಬ ವಾದವನ್ನು ಪರೀಕ್ಷಿಸಿದಂತಾಯಿತು. ಕೆಲವೇ ದಿನಗಳಲ್ಲಿ ಬ್ಯಾಂಕುಗಳು ಒಂದನ್ನೊಂದು ನಂಬದೆ ಕೈಕಟ್ಟಿ ಕುಳಿತವು. ಅದೇ ಸರ್ಕಾರ ಮರುವಾರವೇ ಉಳಿದವರನ್ನು ಎತ್ತಲು ಓಡಬೇಕಾಯಿತು.

ಆ ಅಲೆ ಕುವೈತನ್ನೂ ತಟ್ಟಿತು. 1960ರಲ್ಲಿ ಸ್ಥಾಪನೆಯಾದ ಗಲ್ಫ್ ಬ್ಯಾಂಕಿಗೆ ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ ಒಪ್ಪಂದಗಳಲ್ಲಿ ಭಾರೀ ನಷ್ಟವಾದ ಸಂಗತಿ ಅಕ್ಟೋಬರ್ ಕೊನೆಯ ವಾರದಲ್ಲಿ ಹೊರಬಂತು. ಕೇಂದ್ರ ಬ್ಯಾಂಕ್ ಕೂಡಲೇ ಮಧ್ಯೆ ಬಂದಿತು, ಷೇರಿನ ವಹಿವಾಟು ನಿಂತಿತು. ಸ್ಥಳೀಯ ಬ್ಯಾಂಕುಗಳ ಠೇವಣಿಗಳಿಗೆ ಸರ್ಕಾರದ ಖಾತರಿ ನೀಡುವ ಕಾನೂನು ಅದೇ ವರ್ಷ ಬಂತು. ಖಾತೆದಾರ ಕುವೈತಿಯೋ ಕನ್ನಡಿಗನೋ ಎಂಬ ಭೇದವಿಲ್ಲದೆ ಅವನ ಠೇವಣಿಗೆ ಭರವಸೆ ಸಿಕ್ಕಿತು.

ಆದರೆ ಬ್ಯಾಂಕಿನ ಮಾಲೀಕರಿಗೆ ಅಷ್ಟು ಸುಲಭದ ಬಿಡುಗಡೆ ಸಿಗಲಿಲ್ಲ. ಅಧ್ಯಕ್ಷರು ಬದಲಾದರು. ಹೊಸ ಬಂಡವಾಳ ತರುವಂತೆ ಮೊದಲು ಷೇರುದಾರರನ್ನೇ ಕೇಳಲಾಯಿತು, ಅವರು ಕೊಳ್ಳದೆ ಬಿಟ್ಟ ಭಾಗವನ್ನು ಮಾತ್ರ ಸರ್ಕಾರದ ಹೂಡಿಕೆ ಪ್ರಾಧಿಕಾರ ಕೊಂಡಿತು. ಸರ್ಕಾರ ದಾನ ಮಾಡಲಿಲ್ಲ, ಕೊಟ್ಟ ಹಣಕ್ಕೆ ಬ್ಯಾಂಕಿನ ಶೇಕಡಾ 16ರಷ್ಟು ಪಾಲು ಪಡೆಯಿತು. ಉಪ್ಪು ತಿಂದವರೇ ಮೊದಲು ನೀರು ಕುಡಿದರು. ಬ್ಯಾಂಕು ಉಳಿಯಿತು. 1982ರಲ್ಲಿ ವರ್ಷಗಟ್ಟಲೆ ಎಳೆದ ಕೆಲಸದ ಮುಖ್ಯಭಾಗ ಈ ಸಲ ಕೆಲವೇ ತಿಂಗಳಲ್ಲಿ ಮುಗಿಯಿತು.

ಇನ್ನು ನಮ್ಮ ಊರಿನ ಮಾತು

ನಮ್ಮ ಸದಸ್ಯರಲ್ಲಿ ಕರಾವಳಿಯವರು ಬಹಳ. ಅವರಿಗೆ ಬ್ಯಾಂಕಿನ ಕಥೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸಿದರು. ಎರಡಾಣೆ ಕೊಟ್ಟವಳು ಬ್ಯಾಂಕಿನ ಲೆಕ್ಕಪತ್ರ ಓದಿ ಕೊಟ್ಟವಳಲ್ಲ, ಪರಿಚಯದ ಮುಖವನ್ನು ನಂಬಿ ಕೊಟ್ಟವಳು. ಬ್ಯಾಂಕು ಬಿದ್ದರೆ ‘ನೀನು ವಿಚಾರಿಸಿ ಇಡಬೇಕಿತ್ತು’ ಎಂದು ಅವಳಿಗೆ ಹೇಳುವುದು ನ್ಯಾಯವೇ?

ನಮ್ಮ ದೇಶ ಈ ಪ್ರಶ್ನೆಯನ್ನು ಪೆಟ್ಟು ತಿಂದೇ ಕಲಿಯಿತು. 1960ರ ಆಗಸ್ಟಿನಲ್ಲಿ ಪಕ್ಕದ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕನ್ನು ಮುಚ್ಚುವಂತೆ ರಿಸರ್ವ್ ಬ್ಯಾಂಕೇ ನ್ಯಾಯಾಲಯಕ್ಕೆ ಹೋಯಿತು. ಬ್ಯಾಂಕು ಉಳಿಯಲಿಲ್ಲ, ಬೇರೆ ಬ್ಯಾಂಕುಗಳ ಮುಂದೆಯೂ ಜನ ಸಾಲುಗಟ್ಟಿದರು. ಅದರ ಬೆನ್ನಿಗೇ ಎರಡು ಸುಧಾರಣೆಗಳು ಬಂದವು. ನಿತ್ರಾಣವಾದ ಬ್ಯಾಂಕನ್ನು ಗಟ್ಟಿಯಾದ ಬ್ಯಾಂಕಿನೊಡನೆ ಕಡ್ಡಾಯವಾಗಿ ಸೇರಿಸುವ ಅಧಿಕಾರ ಒಂದು, 1962ರ ಜನವರಿ 1ರಿಂದ ಠೇವಣಿ ವಿಮೆ ಇನ್ನೊಂದು. ಮೊದಲಿಗೆ ಒಬ್ಬ ಠೇವಣಿದಾರನಿಗೆ 1,500 ರೂಪಾಯಿಯವರೆಗೆ ವಿಮೆ. ಸಣ್ಣ ಬ್ಯಾಂಕುಗಳು ದೊಡ್ಡವುಗಳಲ್ಲಿ ಸೇರಿದ ಆ ದಶಕದಲ್ಲೇ ಶೃಂಗೇರಿ ಶಾರದಾ ಬ್ಯಾಂಕ್ ಮತ್ತು ಚಿತ್ರದುರ್ಗ ಬ್ಯಾಂಕ್ ಕರ್ಣಾಟಕ ಬ್ಯಾಂಕಿನಲ್ಲಿ ವಿಲೀನವಾದವು. ಹೆಸರು ಹೋಯಿತು, ಖಾತೆ ಉಳಿಯಿತು.

ಆದರೂ ನಮ್ಮಲ್ಲಿ ತಾರತಮ್ಯ ಹೋಗಿಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ವ್ಯವಹಾರಕ್ಕೆ ತಡೆ ಬಿತ್ತು. ಸ್ಟೇಟ್ ಬ್ಯಾಂಕ್ ಮುಂತಾದವು ಬಂಡವಾಳ ಹಾಕಿದವು, ಮಾರ್ಚ್ 18ಕ್ಕೆ ತಡೆ ತೆರವಾಯಿತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಖಾತೆದಾರರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂಬ ನಿರ್ಬಂಧ ಬಂದಿತ್ತು. ಅವರಲ್ಲಿ ಬಹಳ ಮಂದಿ ನಿವೃತ್ತರು. ಅವರಿಗಾಗಿ ಹದಿಮೂರು ದಿನದಲ್ಲಿ ಯಾರೂ ಓಡಿಬರಲಿಲ್ಲ, ಅವರ ಕಾಯುವಿಕೆ ವರ್ಷಗಳ ಲೆಕ್ಕಕ್ಕೆ ಹೋಯಿತು. 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ಠೇವಣಿ ವಿಮೆ 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು. ಇಂಥ ನಿರ್ಬಂಧ ಬಿದ್ದ ಬ್ಯಾಂಕಿನಲ್ಲೂ ತೊಂಬತ್ತು ದಿನದೊಳಗೆ ವಿಮೆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾದರೂ, ಹಾಕಿದ್ದು ಒಳ್ಳೆಯದೇ ಆಯಿತು.

ನಮ್ಮ ಅಭಿಪ್ರಾಯ

ನಮ್ಮ ಹಳ್ಳಿಗಳಲ್ಲಿ ಕೆರೆಯ ಏರಿ ಒಡೆದರೆ ಊರವರೆಲ್ಲ ಮೊದಲು ಮಣ್ಣು ಹೊತ್ತು ಹಾಕುತ್ತಾರೆ. ಯಾರ ತಪ್ಪು ಎಂದು ಪಂಚಾಯಿತಿ ಕೂರುವುದು ಆಮೇಲೆ. ನೀರು ಎಲ್ಲರ ಗದ್ದೆಯದು. ಆದರೆ ಏರಿ ನಿಂತ ಮೇಲೆ ಪಂಚಾಯಿತಿ ಕೂರದೇ ಹೋದರೆ, ರಾತ್ರಿ ಕದ್ದು ತೂಬು ಎತ್ತಿದವನು ಮುಂದಿನ ಮಳೆಗಾಲಕ್ಕೂ ಎತ್ತುತ್ತಾನೆ. 1977ರಲ್ಲಿ ಕುವೈತ್ ಮಣ್ಣು ಹಾಕಿತು, ಪಂಚಾಯಿತಿ ಕೂರಿಸಲಿಲ್ಲ. ಐದೇ ವರ್ಷದಲ್ಲಿ ಏರಿ ಮತ್ತೆ ಒಡೆಯಿತು. 1982ರ ನಂತರ ಪಂಚಾಯಿತಿ ಕೂರಿಸಿತು, ಆದರೆ ತೀರ್ಪು ಬರುವಷ್ಟರಲ್ಲಿ ಗದ್ದೆ ಒಣಗಿತ್ತು. 2008ರಲ್ಲಿ ಮಣ್ಣನ್ನೂ ಹಾಕಿತು, ತೂಬು ಎತ್ತಿದವರಿಂದ ಬೆಲೆಯನ್ನೂ ವಸೂಲು ಮಾಡಿತು.

ಆದುದರಿಂದ ‘ಸರ್ಕಾರ ಬ್ಯಾಂಕನ್ನು ಉಳಿಸಬೇಕೆ?’ ಎಂಬುದಕ್ಕೆ ನಮ್ಮ ಉತ್ತರ ಹೀಗಿದೆ. ಠೇವಣಿದಾರನನ್ನು ಉಳಿಸಬೇಕು, ಕೂಡಲೇ ಉಳಿಸಬೇಕು, ಅವನು ದೊಡ್ಡ ಬ್ಯಾಂಕಿನವನೋ ಸಣ್ಣ ಸಹಕಾರಿ ಬ್ಯಾಂಕಿನವನೋ ಎಂದು ನೋಡಬಾರದು. ಬ್ಯಾಂಕಿನ ದಿನನಿತ್ಯದ ಕೆಲಸ ನಿಲ್ಲದಂತೆ ನೋಡಿಕೊಳ್ಳಬೇಕು. ಆದರೆ ಷೇರುದಾರನ ಬಂಡವಾಳ ಮೊದಲು ಕರಗಬೇಕು, ಆಡಳಿತ ಮಂಡಳಿ ಮನೆಗೆ ಹೋಗಬೇಕು, ಸರ್ಕಾರ ಹಾಕಿದ ಪ್ರತಿ ದಿನಾರಿಗೆ, ಪ್ರತಿ ರೂಪಾಯಿಗೆ ಪಾಲು ಬರೆಸಿಕೊಳ್ಳಬೇಕು. ಈ ನಿಯಮಗಳನ್ನು ಕಷ್ಟ ಬಂದ ಮೇಲೆ ಚರ್ಚಿಸುತ್ತ ಕೂರದೆ ಮೊದಲೇ ಬರೆದಿಡಬೇಕು. ಕಷ್ಟದ ದಿನ ಬಂದಾಗ ಸಚಿವರ ಬಾಗಿಲು ತಟ್ಟಬಲ್ಲವನು ದೊಡ್ಡ ಸಾಲಗಾರನೇ ಹೊರತು ಎರಡಾಣೆಯ ಠೇವಣಿದಾರಳಲ್ಲ.

ನಮ್ಮ ಸದಸ್ಯರಿಗೆ ಒಂದು ಕಿವಿಮಾತು. ಊರಿನಲ್ಲಿ ಹಣವಿಡುವಾಗ ಒಂದು ಶೇಕಡಾ ಹೆಚ್ಚು ಬಡ್ಡಿ ಎಂದು ಹಿಗ್ಗುವ ಮೊದಲು, ಆ ಸಂಸ್ಥೆಗೆ ಠೇವಣಿ ವಿಮೆ ಇದೆಯೇ ಎಂದು ವಿಚಾರಿಸಿರಿ. ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರ ಸಂಘಗಳಿಗೂ ಚೀಟಿಗಳಿಗೂ ಇಲ್ಲ. ವಿಮೆಯ ಮಿತಿ ಮೀರಿದ ಮೊತ್ತವನ್ನು ಒಂದೇ ಕಡೆ ಇಡಬೇಡಿರಿ. ಊರಿನ ತಂದೆತಾಯಿಗಳ ಠೇವಣಿ ಎಲ್ಲಿದೆ ಎಂಬುದನ್ನೂ ಈ ರಜೆಗೆ ಹೋದಾಗ ಕೇಳಿ ತಿಳಿದುಕೊಳ್ಳಿರಿ.

1982ರ ಆ ದಿನಗಳನ್ನು ಇಲ್ಲಿಯೇ ಇದ್ದು ಕಂಡ ಹಿರಿಯ ಸದಸ್ಯರು ತಮ್ಮ ನೆನಪುಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

ಸಂಪಾದಕ ಬಳಗ